ಒಂಬತ್ತರ ಅಂಗಿ

ಜೇವರ್ಗಿಯ ನಮ್ಮ ಕಾಲೇಜಿನ ವರಾಂಡದಲ್ಲಿ ಫುಟ್‌ಬಾಲ್ ತಂಡದ ಹಳೆಯ ಫೋಟೋಗಳು ಸಾಲಾಗಿ ತೂಗುತ್ತಿವೆ. ಮಧ್ಯಾಹ್ನದ ಹೊತ್ತು ಅಂಗಳದ ಬೇವಿನ ಗಿಡದ ನೆರಳು ಅವುಗಳ ಗಾಜಿನ ಮೇಲೆ ಆಡುತ್ತಿರುತ್ತದೆ. ಆಗ ಒಳಗಿನ ಹುಡುಗರು ಸ್ವಲ್ಪ ಅಲುಗಾಡಿದ ಹಾಗೆ ಕಾಣುತ್ತದೆ. ಹೊಸ ಚೌಕಟ್ಟು ಹಾಕಿಸುವ ಮೊದಲು ಕೆಳಗಿನ ಹೆಸರುಗಳನ್ನೊಮ್ಮೆ ನೋಡಿ ಹೋಗಿ ಎಂದು ಹೋದ ತಿಂಗಳು ಕರೆದಿದ್ದರು, ಹೋಗಿದ್ದೆ.

ಮೊದಲ ಫೋಟೋದಲ್ಲಿ ಎಲ್ಲರೂ ಬರಿಗಾಲು. ಇಡೀ ಕಾಲೇಜಿಗೆ ಒಂದೇ ಚೆಂಡು, ಅದೂ ಹೊಲಿಗೆ ಬಿಟ್ಟದ್ದು. ನಡುವೆ ಕೂತವನು ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಾನೆ. ಎರಡನೆಯದರಲ್ಲಿ ಮೊಣಕಾಲ ತನಕ ಎರೆಮಣ್ಣು. ಮಳೆಗಾಲದಲ್ಲಿ ನಮ್ಮ ಮೈದಾನ ಓಡಲಿಕ್ಕೆ ಬಿಡುತ್ತಿರಲಿಲ್ಲ, ಕಾಲು ಹಿಡಿದುಕೊಳ್ಳುತ್ತಿತ್ತು. ಚೆಂಡು ತೊಗರಿ ಹೊಲಕ್ಕೆ ಬಿದ್ದರೆ ಎರಡೂ ಕಡೆಯವರು ಆಟ ಬಿಟ್ಟು ಕೂಡಿ ಹುಡುಕಬೇಕು. ಆಚೆಯ ಬಣ್ಣದ ಫೋಟೋಗಳಲ್ಲಿ ಬೂಟು, ಕಾಲುಚೀಲ ಎಲ್ಲ ಬಂದಿವೆ, ಮುಖದ ಹಸಿವು ಮಾತ್ರ ಅದೇ.

ನಮ್ಮದು ಮೂರನೆಯ ಫೋಟೋ. ನಮ್ಮನ್ನು ಆಡಿಸುತ್ತಿದ್ದವರು ಕನ್ನಡ ಪಾಠದ ಸರ್. ಅಂಗಿಯ ಎದೆಯ ಮೇಲೆ ಕನ್ನಡದ ಅಂಕಿಯೇ ಇರಬೇಕೆಂಬುದು ಅವರ ಹಟ. ಅಫಜಲಪುರಕ್ಕೆ ಆಡಲು ಹೋದಾಗ ರೆಫರಿ ೬ ಯಾವುದು, ೯ ಯಾವುದು ತಿಳಿಯದೆ ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಬೈಯುತ್ತಿದ್ದ. ಬಾಲದ ಕೊಂಕಷ್ಟೇ ವ್ಯತ್ಯಾಸ. ಆ ಅಂಕಿಗಳನ್ನು ಹೊಲಿದವನು ನನ್ನ ಗೆಳೆಯ, ಟೇಲರ್ ಮಗ. ೯ ಅವನ ಪಾಲಿಗೆ ಬಂತು, ೬ ನನಗೆ. ಮುಂದೆ ನಿಂತು ಗೋಲು ಹೊಡೆಯುವವನ ಅಂಕಿ ೯. ಅದು ನನಗೇ ಬೇಕಿತ್ತು. ಹೊಟ್ಟೆಕಿಚ್ಚಿಗೆ ಫೋಟೋದಲ್ಲಿ ಮುಖ ಗಂಟು ಹಾಕಿಕೊಂಡು ನಿಂತೆ.

ಅದೇ ಫೋಟೋದ ಮುಂದೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿ ನಿಂತಿದ್ದಳು. ಅವಳ ಬೆರಳು ನನ್ನ ಮುಖದ ಮೇಲಿತ್ತು. ವಯಸ್ಸಾದರೂ ಜಂಬ ಹೋಗುವುದಿಲ್ಲ ನೋಡಿ, ಕೂದಲು ಸರಿಮಾಡಿಕೊಂಡು ಹತ್ತಿರ ಹೋದೆ.

“ಯಾರ್ನ ನೋಡಾಕತ್ತಿ, ಯವ್ವಾ?”

“ನಮ್ಮ ಅಬ್ಬಾರ್ನ ರೀ, ಚಾಚಾ.”

ಕೆಳಗಿನ ಹೆಸರು ಓದಿದೆ. ನನ್ನ ಮುಖದ ಕೆಳಗೆ ಗೆಳೆಯನ ಹೆಸರಿತ್ತು. ಆಳಂದದಲ್ಲಿ ನೌಕರಿಯಲ್ಲಿದ್ದಾಗ ಅಂಕಿಯ ಮುಂದೆ ಹೆಸರು ಬರೆದು, ಫೋಟೋದ ಕೆಳಗೆ ಬರೆಸಲೆಂದು ಕಾಲೇಜಿಗೆ ಪಟ್ಟಿ ಕಳಿಸಿದವನು ನಾನೇ. ಆಮೇಲೆ ಇತ್ತ ತಲೆ ಹಾಕಿರಲಿಲ್ಲ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಪೇಂಟರ್ ೬ನ್ನು ೯ ಎಂದೂ ೯ನ್ನು ೬ ಎಂದೂ ಓದಿ ಹೆಸರು ಬರೆದಿದ್ದ. ಬೇಡಿದ ಅಂಕಿ ಕೊನೆಗೂ ನನಗೆ ಸಿಕ್ಕಿತ್ತು.

ಗೆಳೆಯ ಹೋಗಿ ಎಷ್ಟೋ ವರ್ಷವಾಯಿತು. ಆಗ ಇವಳು ಎರಡು ವರ್ಷದ ಕೂಸು. ಭೀಮಾ ನದಿಯ ನೀರು ಮನೆ ಹೊಕ್ಕಾಗ ಟ್ರಂಕಿನಲ್ಲಿದ್ದ ಫೋಟೋಗಳೆಲ್ಲ ಹಾಳಾದವು, ಉಳಿದದ್ದು ಇದೊಂದೇ ಎಂದಳು.

“ಮೂರು ವರ್ಷ ಆತ್ರಿ, ದಿನಾ ಸಲಾಂ ಮಾಡಿ ಕ್ಲಾಸಿಗಿ ಹೋಗ್ತೇನಿ. ಆದ್ರ ಯಾವಾಗ್ ನೋಡಿದ್ರೂ ಸಿಟ್ಟಿನ್ಯಾಗೇ ಇರ್ತಾರ. ನಾ ಏನರ ತಪ್ಪ್ ಮಾಡೇನೇನೋ ಅನಸ್ತದ.”

ನಿಜ ಹೇಳಿದರೆ ಅವಳಿಗಿದ್ದ ಅಪ್ಪನನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಸತ್ತವನ ಜಾಗದಲ್ಲಿ ನಾನು ಸಿಟ್ಟು ಮಾಡಿಕೊಂಡು ನಿಂತೇ ಇರಬೇಕು, ಅವಳು ನನಗೆ ಹೆದರುತ್ತಲೇ ಇರಬೇಕು. ಬೇವಿನ ನೆರಳು ಗಾಜಿನ ಮೇಲಿಂದ ಮೆಲ್ಲಗೆ ಸರಿಯಿತು. ಸಾಲಿನ ತುದಿಯಲ್ಲಿ ಗೆಳೆಯ ಕಂಡ.

“ಅದು ನಾನವ್ವಾ. ಹೆಸರು ಬರಿಯೂದ್ರಾಗ ನಾನೇ ತಪ್ಪೇನಿ. ನಿಮ್ಮ ಅಬ್ಬಾ ಇಲ್ಲಿದಾನ ನೋಡು, ಈ ತುದಿಗಿ.”

ಅವಳು ಬಹಳ ಹೊತ್ತು ನೋಡಿದಳು. ಅವನು ಕತ್ತು ಫೋಟೋದೊಳಗಿನ ನನ್ನ ಕಡೆ ತಿರುಗಿಸಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

“ಯಾಕ ನಗಾಕತ್ತಾರ್ರಿ?”

“ನನ್ನ ಸಿಟ್ಟು ನೋಡಿ.”

“ಹಂಗಾದ್ರ ನನ್ನ ಮ್ಯಾಲ ಸಿಟ್ಟಿಲ್ಲ,” ಎಂದಳು, ನನಗಲ್ಲ, ಗಾಜಿಗೆ. ಓಢಣಿಯಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು, ಮುಚ್ಚಿಡಲಿಲ್ಲ.

ಕ್ಲಾಸಿನ ಗಂಟೆ ಹೊಡೆಯಿತು. ತುದಿಯಲ್ಲಿದ್ದ ಅಬ್ಬಾನಿಗೆ ಸಲಾಂ ಮಾಡಿ ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಫೋಟೋದೊಳಗಿನ ನನ್ನ ಗಂಟುಮುಖಕ್ಕೂ ಒಂದು ಸಲಾಂ ಮಾಡಿದಳು.

“ರೂಢಿ ಆಗ್ಯದ್ರಿ, ಚಾಚಾ.”