ಯಲ್ಲವ್ವನ ಹೊಸ ಸಲಿಕೆ

ನಾನು ನೀರು ತುಂಬಿಸಿ, ದೋಸೆಗೆ ಅರೆದು, ಇಸ್ತ್ರಿಯವನಿಗೆ ಬಟ್ಟೆ ಕೊಟ್ಟು ಬರುವಷ್ಟರಲ್ಲಿ, ನಮ್ಮ ಮನೆಯ ಪಾತ್ರೆ ತೊಳೆಯುವ ಯಲ್ಲವ್ವನಿಗೆ ಊರಿನಿಂದ ತಮ್ಮನ ವಿಡಿಯೋ ಕಾಲ್ ಬಂದಿತ್ತು. ನಾಳೆ ಅವಳು ಮುಂಬಯಿ ಬಿಟ್ಟು ಹೊರಡುವವಳು. ತಮ್ಮನ ಕಬ್ಬಿನ ಹೊಲದಲ್ಲಿ ಮಣ್ಣೇರಿಸುವ ಕೆಲಸವಿದೆಯೆಂದು ಸಾಂತಾಕ್ರೂಜ್‌ನ ಚಾಳಿನ ಬಾಡಿಗೆ ಖೋಲಿ ಬಿಟ್ಟುಕೊಟ್ಟಿದ್ದಳು. ಅವಳ ಜಾಗಕ್ಕೆ ನಾನೂ ಬೇರೆಯವಳನ್ನು ಗೊತ್ತು ಮಾಡಿಯಾಗಿತ್ತು. ಬಟ್ಟೆಯ ಗಂಟು, ಹೊಸದಾಗಿ ಕೊಂಡ ಸಲಿಕೆ ನಮ್ಮ ಬಾಗಿಲ ಮೂಲೆಯಲ್ಲಿದ್ದವು.

ಫೋನಿನಲ್ಲಿ ಯಂತ್ರವೊಂದು ಮಣ್ಣು ಸಡಿಲಿಸಿ, ಎರಡೂ ಬದಿಯ ಕಬ್ಬಿನ ಬುಡಕ್ಕೆ ಏರಿಸುತ್ತ ಹೋಗುತ್ತಿತ್ತು.

“ಸಾಲು ಎಷ್ಟ ನೆಟ್ಟಗ ಬಿಟ್ಟೈತೋ ತಮ್ಮಾ!” ಎಂದು ಯಲ್ಲವ್ವ ಮನಸಾರೆ ಮೆಚ್ಚಿದಳು. ಆಮೇಲೆ ನಲ್ಲಿ ನಿಲ್ಲಿಸಿ, “ಹಂಗಾರ ನನಗ ಕೆಲಸ?” ಎಂದಳು.

“ಇನ್ನ ಯಾಕ ಬೆನ್ನ ಬಗ್ಗಸ್ತಿ ಅಕ್ಕಾ? ನಾಕ ದಿನ ಇದ್ದು, ಮಿಷಿನ್ ನೋಡ್ಕೊಂಡ ಹೋಗುವಿಯಂತ, ಬಾ,” ಎಂದು ಅವನು ನಕ್ಕ.

ಅವಳು ಮತ್ತೆ ನಲ್ಲಿ ತಿರುಗಿಸಿ ಉಳಿದ ಪಾತ್ರೆಗಳನ್ನು ತೊಳೆದಳು. ಹೊಸಬಳಿಗೆ ಬರಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಆಕೆಯೂ ಕೆಲಸ ಕೇಳುತ್ತ ನಮ್ಮ ಬಾಗಿಲಲ್ಲಿ ಅತ್ತು ಹೋದವಳೇ.

ರಾತ್ರಿ ಗಂಜಿ, ಹುರುಳಿ ಚಟ್ನಿ ಉಂಡೆವು. ಯಲ್ಲವ್ವನಿಗೆ ಅಡುಗೆಮನೆಯಲ್ಲಿ ಹಾಸಿಕೊಟ್ಟೆ. ಮೊದಲು ನಿದ್ದೆ ಹೋದವಳು ಅವಳೇ. ಬೆಳಿಗ್ಗೆ ಎಲ್ಲಿಗೆ ಹೋಗುತ್ತೀ ಎಂದು ಕೇಳಲಾರದೆ ನಾನು ಎಚ್ಚರವಿದ್ದೆ.