ಏರಿಸಿದ ಶ್ರುತಿ

ನಮ್ಮ ನಾಟಕ ಕಂಪನಿಯ ಹಿರಿಯ ಗಾಯಕಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಆಕೆಯದು ಗೊಗ್ಗರು ದನಿ. ಕೆಳಗಿನ ಸ್ವರಗಳಿಗೆ ಇಳಿದಾಗ ಅದು ಒಡೆದು, ಒಂದೇ ಗಂಟಲಿನಲ್ಲಿ ಗಂಡಸೂ ಹೆಂಗಸೂ ಕೂಡಿ ಹಾಡಿದಂತೆ ಕೇಳುತ್ತಿತ್ತು. ಚಿಂಚೋಳಿ ಕಡೆಯಿಂದ ಚಿಕ್ಕಂದಿನಲ್ಲೇ ಕಂಪನಿಗೆ ಬಂದವಳು ಮೂವತ್ತು ವರ್ಷ ಆ ದನಿಯಿಂದಲೇ ಸೇಡಂ, ಚಿತ್ತಾಪುರ, ವಾಡಿಯ ಮಂದಿಯನ್ನು ಅಳಿಸಿದ್ದಳು. ರಜಾಕಾರರ ಗಲಾಟೆಯಲ್ಲಿ ಚದುರಿದ್ದ ಕಂಪನಿ ಮತ್ತೆ ಕೂಡಿದ್ದು ಆಕೆಯ ಹೆಸರಿನ ಮೇಲೆ. ಸೇಡಂನಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸಿಕೊಂಡಿದ್ದ ನನ್ನನ್ನು ಮಾಲಕರ ಮುಂದೆ ನಿಲ್ಲಿಸಿ, “ಇವಾ ನನ್ನ ದನಿ ಬಿಟ್ಟು ಮುಂದ ಓಡಂಗಿಲ್ಲ, ಇವನೇ ಇರ್ಲಿ” ಎಂದು ಕೆಲಸ ಕೊಡಿಸಿದವಳೂ ಆಕೆಯೇ. ನನಗಾಗ ಇಪ್ಪತ್ನಾಲ್ಕು.

ನಾಲ್ಕು ವರ್ಷಗಳಾದ ಮೇಲೆ ಮಾಲಕರು ಒಬ್ಬ ಹೊಸ ಗಾಯಕಿಯನ್ನು ಕರೆತಂದರು. ಎಳೆಯ ವಯಸ್ಸು, ನಯವಾದ ಕಂಠ. ಅಕ್ಕನ ಪಾತ್ರಗಳೆಲ್ಲ ಅವಳಿಗೆ ಬೇಕಾಗಿದ್ದವು. ಶಹಾಬಾದಿನ ಮುಕ್ಕಾಮಿನಲ್ಲಿ ಒಂದು ಮುಂಜಾನೆ ಮಾಲಕರು ನನ್ನನ್ನು ಕರೆದರು.

“ಅಕ್ಕಗ ಹೋಗು ಅಂತ ನಾ ಹ್ಯಾಂಗ ಅನ್ಲಿ? ಮಂದಿ ಅಂದ್ರ ತಾನೇ ಹೋಗ್ತಾಳ. ಇವತ್ತ ಜರಾ ಶ್ರುತಿ ಏರಿಸ್ರಿ ಮಾಸ್ತರ.”

“ಎಷ್ಟು ಏರಿಸ್ಲಿರಿ?”

“ಪೆಟ್ಟಿಗಿ ನಿಮ್ದು. ನನಗೇನ್ ಗೊತ್ತದ?”

ಅಂದು ರವಿವಾರ. ಕಲ್ಲಿನ ಖಣಿಗೆ ಸೂಟಿ ಇದ್ದುದರಿಂದ ಮಧ್ಯಾಹ್ನದ ಆಟಕ್ಕೆ ಡೇರೆ ತುಂಬಿತ್ತು. ಹಾರ್ಮೋನಿಯಂನ ಮೊದಲ ಕರಿ ಮನೆಯೇ ಅಕ್ಕನ ಶ್ರುತಿ. ನಾವು ಕರಿ ಒಂದು ಎನ್ನುತ್ತಿದ್ದೆವು. ನಾನು ಕರಿ ಮೂರು ಹಿಡಿದೆ. ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ತಪ್ಪಿ ಹಿಡಿದಿದ್ದೇನೆಂದುಕೊಂಡು ಕಣ್ಣಿನಲ್ಲೇ ಕೆಳಗೆ ಎಂದಳು. ನಾನು ತಲೆ ಬಗ್ಗಿಸಿ ಕಾಲಿನಿಂದ ಹಾರ್ಮೋನಿಯಂನ ತಿದಿ ತುಳಿಯುತ್ತಲೇ ಇದ್ದೆ. ಆಗ ಆಕೆಗೆ ತಿಳಿಯಿತು. ತಿಳಿದೂ ಹಾಡಿದಳು.

ಮೇಲಿನ ಷಡ್ಜಕ್ಕೆ ಹೋದಾಗ ದನಿ ಚಿಂದಿಯಾಯಿತು. ಹಿಂದಿನ ಸಾಲಿನಿಂದ ಯಾರೋ ಆಡಿನಂತೆ ಅರಚಿದರು. ಡೇರೆಯೆಲ್ಲ ನಕ್ಕಿತು. ಆಕೆ ಅದೇ ಸಾಲನ್ನು ಮತ್ತೆ ಎತ್ತಿಕೊಂಡಳು, ಮತ್ತೆ ಒಡೆಯಿತು. ಈ ಸಲ ನೂರು ಬಾಯಿಗಳು ಆಡಾದವು.

ಪರದೆಯ ಹಿಂದೆ ಬಣ್ಣ ಒರೆಸಿಕೊಳ್ಳುತ್ತ ಕೇಳಿದಳು, “ಮಾಲಕ ಅಂದಿದ್ನೇನು?”

“ಹೂಂ ಅಕ್ಕಾ.”

“ಕರಿ ಮೂರು ಅಂತ ಅಂವನೇ ಅಂದ್ನಾ?”

ನಾನು ಬಣ್ಣದ ಡಬ್ಬಿಯ ಮುಚ್ಚಳ ಹಾಕಿದೆ.

“ಕರಿ ಎರಡು ಸಾಕಾಗ್ತಿತ್ತು ತಮ್ಮಾ,” ಎಂದಳು.

ಆಕೆ ಕಂಪನಿ ಬಿಡುತ್ತಾಳೆಂದುಕೊಂಡಿದ್ದೆವು. ಆದರೆ ಮರುದಿನ ಬಂದ ಮಂದಿ ಆಡಿನ ಹಾಡೇ ಬೇಕೆಂದು ಕೂಗಿದರು. ಮಾಲಕರು ಒಂದು ಹಾಸ್ಯದ ದೃಶ್ಯ ಕಟ್ಟಿಸಿದರು. ಅದರಲ್ಲಿ ಅಕ್ಕ ಮುದಿ ಮದುಮಗಳು. ಹೆಣ್ಣು ನೋಡಲು ಬಂದವರ ಮುಂದೆ ಹಾಡಬೇಕು, ಬಂದವರು ಕಿವಿ ಮುಚ್ಚಿಕೊಂಡು ಓಡಬೇಕು. “ಹಾಡೂದ್ ಬಿಟ್ರ ನನಗೇನ್ ಬರ್ತದ?” ಎಂದು ಒಪ್ಪಿಕೊಂಡಳು. ಎರಡು ವರ್ಷ ದಿನವೂ ನಾನು ಕರಿ ಮೂರು ಹಿಡಿದೆ. ಅಷ್ಟು ಹೆಸರು ಆಕೆಗೆ ಮೊದಲು ಎಂದೂ ಬಂದಿರಲಿಲ್ಲ.

ಚಿತ್ತಾಪುರದಲ್ಲಿ ಒಂದು ದಿನ ನನ್ನ ಹತ್ತಿರ ಬಂದು, “ಇವತ್ತ ನನ್ನ ಶ್ರುತಿ ಹಿಡಿ. ಒಂದೇ ಹಾಡು” ಎಂದಳು. ಹಿಡಿದೆ. ಹಳೆಯ ವಿರಹದ ಹಾಡು. ಒಂದು ಕಾಲಕ್ಕೆ ಹೆಂಗಸರು ಅದಕ್ಕೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಕ್ಕ ಬಾಯಿ ತೆರೆಯುವ ಮೊದಲೇ ಮಂದಿ ನಗತೊಡಗಿದರು. ಕೆಳಗಿನ ಸ್ವರದಲ್ಲಿ ದನಿ ಎಂದಿನಂತೆ ಎರಡಾದಾಗ ನಗೆ ಇನ್ನೂ ಜೋರಾಯಿತು. ಹಾಡು ಮುಗಿಸಿಯೇ ಒಳಗೆ ಬಂದಳು. ಮುಂಜಾನೆ ಟ್ರಂಕು ಹಿಡಿದುಕೊಂಡು ಚಿಮ್ಮನಚೋಡದ ತಮ್ಮನ ಮನೆಗೆ ಹೊರಟುಹೋದಳು.

ದೃಶ್ಯ ಮಾತ್ರ ನಿಲ್ಲಲಿಲ್ಲ. ಹೊಸ ಗಾಯಕಿ ಅಕ್ಕನ ದನಿಯ ಅಣಕ ಕಲಿತಳು. ನಾನೇ ಕಲಿಸಿದೆ, ದನಿ ಎಲ್ಲಿ ಒಡೆಯುತ್ತದೆಂದು ನನ್ನಷ್ಟು ಬಲ್ಲವರು ಬೇರೆ ಇರಲಿಲ್ಲ. ಮರುವರ್ಷ ಚಿಂಚೋಳಿಯಲ್ಲಿ ಆಟವಿದ್ದಾಗ, ಹೆಂಗಸರ ಕಡೆ ಗೋಣಿತಟ್ಟಿನ ಮೇಲೆ ಅಕ್ಕ ಕುಳಿತಿದ್ದುದು ಕಂಡಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದವಳು ನಗುತ್ತ ನಗುತ್ತ ಆಕೆಯ ತೊಡೆಯ ಮೇಲೆ ಬಡಿಯುತ್ತಿದ್ದಳು; ಅಣಕ ಯಾರದೋ ಆಕೆಯೇ ತನ್ನ ಪಕ್ಕದಲ್ಲಿದ್ದಾಳೆಂದು ಅವಳಿಗೇನು ಗೊತ್ತು? ನಾನು ಶ್ರುತಿ ಇಳಿಸಿದ್ದರೆ ಅಣಕ ಕೆಡುತ್ತಿತ್ತು. ಇಳಿಸಲಿಲ್ಲ. ದೃಶ್ಯ ಮುಗಿದಾಗ ಅಕ್ಕ ಎಲ್ಲರ ಜೊತೆ ಚಪ್ಪಾಳೆ ತಟ್ಟಿ ಎದ್ದುಹೋದಳು.

ಮುಂಜಾನೆ ಹೊರಟರೆ ಮಧ್ಯಾಹ್ನದೊಳಗೆ ಚಿಮ್ಮನಚೋಡ ಮುಟ್ಟಬಹುದಿತ್ತು. ಹದಿನೈದು ದಿನ ಚಿಂಚೋಳಿಯಲ್ಲೇ ಮುಕ್ಕಾಮಿದ್ದರೂ ನಾನು ಹೋಗಲಿಲ್ಲ. ಆಕೆ ತೀರಿಕೊಂಡ ಸುದ್ದಿ ವಾಡಿಯಲ್ಲಿ ಸಿಕ್ಕಿತು. ಅಂದಿನ ಆಟದಲ್ಲೂ ಆ ದೃಶ್ಯವಿತ್ತು.