ನಾಲೆಯ ಆಮೆ, ನೀರುಗಂಟಿಯ ಕಣ್ಣು

ಕುಶಾಲನಗರದ ಹತ್ತಿರ ನಮ್ಮೂರ ನಾಲೆಗೆ ಒಬ್ಬರು ನೀರುಗಂಟಿ ಇದ್ದರು. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ಯಾರು ಕದ್ದು ನೀರು ತಿರುಗಿಸಿಕೊಂಡರು ಎಂದು ಕೇಳಿದರೆ ಹೆಗಲ ಟವೆಲಿಗೆ ಕೈ ಒರೆಸಿಕೊಂಡು, "ನಾನು ನೋಡಿಲ್ಲ ಬಿಡಿ" ಎನ್ನುತ್ತಿದ್ದರು. ಅವರ ಕಣ್ಣು ತಪ್ಪಿಸಿ ಆ ನಾಲೆಯಲ್ಲಿ ಒಂದು ತೆಂಗಿನಕಾಯಿಯೂ ತೇಲಿಹೋಗುತ್ತಿರಲಿಲ್ಲ.

ವಾಸ್ತುವಿಗೆ ಒಳ್ಳೆಯದೆಂದು ನಾನು ಮೈಸೂರಿನಿಂದ ಒಂದು ಆಮೆ ತಂದಿದ್ದೆ, ಕೆನ್ನೆಯಲ್ಲಿ ಕೆಂಪು ಪಟ್ಟೆಯಿದ್ದದ್ದು. ಟಬ್ಬಿನಲ್ಲಿ ಹಿಡಿಸದಷ್ಟು ಬೆಳೆದಾಗ ಅರಿಶಿನ ಕುಂಕುಮ ಹಚ್ಚಿ ನಾಲೆಗೆ ಬಿಟ್ಟೆ. ಮಹಾ ಪುಣ್ಯವಂತನಂತೆ ಕೈಮುಗಿದು ತಿರುಗಿದರೆ, ತೂಬಿನ ಕಟ್ಟೆಯ ಮೇಲೆ ನೀರುಗಂಟಿ ಕೂತಿದ್ದರು.

ಮರುವರ್ಷ, ಕೆಂಪು ಪಟ್ಟೆಯ ಹೊರದೇಶದ ಆಮೆಗಳಿಂದ ನಮ್ಮ ಆಮೆಗಳಿಗೆ ಕುತ್ತು ಎಂದು ಎಲ್ಲೋ ಓದಿದೆ. ವಿಜ್ಞಾನದ ಮೇಷ್ಟ್ರಲ್ಲವೇ! ಬೈನಾಕ್ಯುಲರ್ ನೇತುಹಾಕಿಕೊಂಡು ಮಕ್ಕಳನ್ನು ನಾಲೆಗೆ ಕರೆದೊಯ್ದೆ. ಕಲ್ಲಿನ ಮೇಲೆ ಅದೇ ಕೆಂಪು ಪಟ್ಟೆಯ ಆಮೆ ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

"ನೋಡಿ, ಬುದ್ಧಿಯಿಲ್ಲದವರು ಯಾರೋ ಬಿಟ್ಟುಹೋಗಿದ್ದಾರೆ!" ಎಂದು ಗುಡುಗಿದೆ.

ಒಬ್ಬಳು ಹುಡುಗಿ ಕಟ್ಟೆಯ ಮೇಲಿದ್ದ ನೀರುಗಂಟಿಯತ್ತ ತಿರುಗಿ, "ಯಾರು ಬಿಟ್ಟಿದ್ದು ತಾತ?" ಎಂದಳು.

ಅವರು ನನ್ನನ್ನೇ ನೋಡಿದರು. ಟವೆಲಿಗೆ ಕೈ ಒರೆಸಿಕೊಂಡರು. "ನಾನು ನೋಡಿಲ್ಲ ಬಿಡಮ್ಮ."

ಮಕ್ಕಳು 'ಬಿಟ್ಟವರ ಪತ್ತೆಯಿಲ್ಲ' ಎಂದು ಬರೆದುಕೊಂಡರು. ಪ್ರತಿ ಪುಸ್ತಕಕ್ಕೂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಸಹಿ ಮಾಡಿದವನು ನಾನೇ.